ದಳಪತಿ ಮುಚ್ಚಿದ ಬಾಗಿಲು

ಫೆಬ್ರವರಿ 4, 1993

'ಕರಿಸೂರ್ಯ' ಮಾಲಿಕೆಯ ಲೇಖಕರಿಗೆ,

ನಮಸ್ಕಾರ. ಪ್ರಕಾಶಕರು ನಿಮ್ಮ ವಿಳಾಸ ಕೊಡಲಿಲ್ಲ. ಅದಕ್ಕೆ ಅವರ ಕಚೇರಿಗೇ ಕಳಿಸ್ತಾ ಇದೀನಿ, ನಿಮಗೆ ಮುಟ್ಟಿಸಿದರೆ ಅವರ ಪುಣ್ಯ.

ಮೊದಲು ಜಗಳ ಮಾಡಿಬಿಡ್ತೀನಿ, ಆಮೇಲೆ ಹೊಗಳ್ತೀನಿ. ಐದನೇ ಸಂಪುಟದಲ್ಲಿ ರಾಣಿಯ ಆಕಾಶನೌಕೆಗಳು ಕರಿಸೂರ್ಯನ ನೆರಳಲ್ಲಿ ಅಡಗಿ ಕೂತಾಗ ಯಂತ್ರಗಳೆಲ್ಲ ತಣ್ಣಗಾಗಿಬಿಟ್ಟವು ಅಂತೀರಿ. ಪುಟ ತಿರುವಿದರೆ ಅದೇ ನೌಕೆಗಳು ಎದ್ದು ಶತ್ರುವಿನ ಮೇಲೆ ಬಿದ್ದಿವೆ. ನಮ್ಮ ಮನೆಯವರು ಬಟ್ಟೆಗೆ ಬಣ್ಣ ಹಾಕಿ ಹೊಲಿಯೋ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳೋರು. ಅವರನ್ನ ಕೇಳಿದೆ. "ಬೆಳಿಗ್ಗೆ ಹಚ್ಚಿದ್ರೆ ಮಧ್ಯಾಹ್ನಕ್ಕೆ ಉಸಿರು ಬರುತ್ತೆ, ನಿನ್ನ ರಾಣಿಗೆ ಹೇಳು, ಅಲ್ಲೀತನಕ ಶತ್ರುಗೆ ಕೂರಕ್ಕೆ ಕುರ್ಚಿ ಹಾಕ್ಲಿ" ಅಂದರು. ಅವರು ನಿಮ್ಮ ಪುಸ್ತಕ ಓದಲ್ಲ. ಆದರೆ ನಾನು ಓದಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹೀಗೆ ತಮಾಷೆ ಮಾಡ್ತಾರೆ.

ಜಗಳ ಮುಗೀತು. ಸಾರ್, ಆ ಯುದ್ಧ ಓದುವಾಗ ನಾನು ಉಸಿರಾಡಿದ್ದೇ ನೆನಪಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜೋದು ನನ್ನ ಕೆಲಸ. ಚಕ್ರ ತಿರುಗ್ತಾ ಇರುತ್ತೆ, ಮೊಣಕಾಲ ಮೇಲೆ ಪುಸ್ತಕ ಇರುತ್ತೆ. ಕಿರಿಯ ನಾವಿಕ ಶತ್ರು ನೌಕೆಯ ಬೆನ್ನ ಮೇಲೆ ಹತ್ತಿ ನಡೆಯೋ ಕಡೆ ಬಂದಾಗ ಯಾರದೋ ಗಾಜನ್ನ ಕಾಗದದಷ್ಟು ತೆಳ್ಳಗೆ ಮಾಡಿಬಿಟ್ಟೆ. ಯಜಮಾನರು ಬೈದರು. ಬೈಸಿಕೊಂಡಿದ್ದೂ ಖುಷಿಯೇ.

ಇನ್ನು ಈ ಮಾಲಿಕೆಗೆ ಸೇರದ ನಿಮ್ಮ ಕಾದಂಬರಿ 'ದಂಡು ದಾಟದ ಹೊಳೆ'. ಅದನ್ನ ಎಷ್ಟು ಸಲ ಓದಿದೀನೋ ಲೆಕ್ಕವಿಲ್ಲ. ಒಬ್ಬ ಅಂಬಿಗನಿಗೆ ಜ್ವರ ಬಂತು, ದೋಣಿ ಬಿಚ್ಚಲಿಲ್ಲ, ದಂಡು ಹೊಳೆ ದಾಟಲಿಲ್ಲ. ಅಷ್ಟಕ್ಕೇ ಇಡೀ ದೇಶದ ಚರಿತ್ರೆ ಬೇರೆ ದಾರಿ ಹಿಡಿದುಬಿಡುತ್ತೆ! ಓದಿದ ಮೇಲೆ ಕೆಲವು ದಿನ ಎಲ್ಲದಕ್ಕೂ ಹಾಗೇ ಯೋಚನೆ ಮಾಡ್ತಾ ಇದ್ದೆ. ಈ ಬಸ್ಸು ತಪ್ಪಿದ್ದರೆ? ಆ ಮಾತು ಆಡದೆ ಇದ್ದಿದ್ದರೆ?

ನಿಮ್ಮ ಪುಸ್ತಕಗಳ ಹುಚ್ಚು ಮೊದಲು ಇದ್ದದ್ದು ನನ್ನ ತಮ್ಮನಿಗೆ. ಅವನು ಈಗಿಲ್ಲ. ಅವನ ಪಾಲಿನದ್ದೂ ನಾನೇ ಓದ್ತಾ ಇದೀನಿ ಅಂದುಕೊಳ್ಳಿ. ಆರನೇ ಸಂಪುಟ ಯಾವಾಗ?

ನಿಮ್ಮ ಓದುಗಾರ್ತಿ,
ಕನ್ನಡಕದ ಅಂಗಡಿಯವಳು


ಮಾರ್ಚ್ 20, 1993

ಕನ್ನಡಕದಕ್ಕನಿಗೆ,

(ಹೀಗೆ ಕರೆದರೆ ಬೇಸರವಿಲ್ಲ ತಾನೆ?) ನಿಮ್ಮ ಪತ್ರ ತಲುಪಿತು. ವಿಮರ್ಶಕರು ಐದು ಸಂಪುಟಗಳಲ್ಲಿ ಕಾಣದ ತಪ್ಪನ್ನು ನಿಮ್ಮ ಯಜಮಾನರು ಓದದೆಯೇ ಹಿಡಿದಿದ್ದಾರೆ. ಅವರಿಗೆ ನನ್ನ ವಂದನೆ. ರಾಣಿಗೆ ಕುರ್ಚಿಯ ವಿಷಯ ತಿಳಿಸುತ್ತೇನೆ.

ಆರನೇ ಸಂಪುಟ ನಡೆಯುತ್ತಿದೆ. ನಡೆಯುತ್ತಿದೆ ಎನ್ನುವುದು ಸೌಜನ್ಯದ ಮಾತು. ಮುದಿ ದಳಪತಿಯನ್ನು ಏನು ಮಾಡಬೇಕೆಂದು ತಿಳಿಯದೆ ಅವನನ್ನು ನೌಕೆಯ ಕಿಟಕಿಯ ಬಳಿ ನಿಲ್ಲಿಸಿ ತಿಂಗಳುಗಳಾದವು. ಪಾಪ, ನಕ್ಷತ್ರ ನೋಡುತ್ತ ನಿಂತಿದ್ದಾನೆ.

ನಿಮ್ಮ ತಮ್ಮ ಏನಾದರು? ಹೇಳಬೇಕೆನಿಸಿದರೆ ಮಾತ್ರ.

ಇಂತಿ,
ಲೇಖಕ


ಏಪ್ರಿಲ್ 4, 1993

ಮಾನ್ಯರೇ,

ಕನ್ನಡಕದಕ್ಕ! ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದೆ. ನಿಮ್ಮ ಪತ್ರ ಮಂಗಳವಾರವೇ ಬಂದಿತ್ತು, ನಾನು ಒಡೆಯಲಿಲ್ಲ. ಭಾನುವಾರ ಮನೆಕೆಲಸ ಎಲ್ಲಾ ಮುಗಿಸಿ, ಕೈ ತೊಳೆದು, ಆಮೇಲೆ ಓದಿದೆ. ನಿಮ್ಮ ಪತ್ರ ಬೇರೆ ಕೆಲಸದ ನಡುವೆ ಓದೋದಲ್ಲ.

ತಮ್ಮನ ವಿಷಯ ಕೇಳಿದಿರಿ. ಇದುವರೆಗೆ ನನ್ನನ್ನ ಯಾರೂ ಕೇಳಿಲ್ಲ, ಯಾಕಂದರೆ ಇಲ್ಲಿ ಎಲ್ಲರಿಗೂ ಗೊತ್ತು.

ಅವನು ಓದು ಮುಗಿಸಿ ಸುಮ್ಮನೆ ಅಲೀತಾ ಇದ್ದ. ನಮ್ಮ ಮನೆಯವರೇ ಕಾರ್ಖಾನೆಯಲ್ಲಿ ಹೇಳಿ ತಮ್ಮ ಕೈಕೆಳಗೆ ಹಾಕಿಸಿಕೊಂಡರು. ಭಾವ ಅಂದರೆ ಅವನಿಗೆ ಪ್ರಾಣ. ಇಬ್ಬರೂ ಒಂದೇ ಸೈಕಲ್ಲಲ್ಲಿ ಹೋಗಿ ಬರೋರು. ಬಾಯ್ಲರ್ ಕೋಣೆ ನೆಲಮಾಳಿಗೆಯಲ್ಲಿ. ಅದರ ಮೇಲೆ ಹೊಲಿಗೆಯ ಮಹಡಿ, ಪೂರ್ತಿ ಹೆಂಗಸರು. ಒಂದು ದಿನ ಮಧ್ಯಾಹ್ನ ಎಣ್ಣೆಯ ಕೊಳವೆ ಒಡೆದು ಬೆಂಕಿ ಹತ್ತಿಕೊಂಡಿತು. ನಮ್ಮ ಮನೆಯವರು ಹೊರಗೆ ಬಂದರು. ಬಂದು ಕಬ್ಬಿಣದ ಬಾಗಿಲು ಎಳೆದು ಅಗುಳಿ ಹಾಕಿದರು. ತಮ್ಮ ಒಳಗಿದ್ದ.

ಬಾಗಿಲು ಹಾಕದೆ ಇದ್ದಿದ್ದರೆ ಬೆಂಕಿ ಮೆಟ್ಟಿಲು ಹಿಡಿದು ಮೇಲೆ ಹೋಗ್ತಿತ್ತು ಅಂತ ಎಲ್ಲರೂ ಅಂದರು. ಹೆಂಗಸರೆಲ್ಲ ಬದುಕಿದರು. ಕಾರ್ಖಾನೆಯವರು ನಮ್ಮ ಮನೆಯವರಿಗೆ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ನಮ್ಮ ನಡುಮನೆಯಲ್ಲಿ ಹಾಕಿದೆ. ಚೆನ್ನಾಗಿ ನಡೀತಾ ಇದೆ.

ನಾನು ಅವರನ್ನ ಏನೂ ಕೇಳಿಲ್ಲ. ಏಳು ವರ್ಷ ಆಯಿತು. ಅವರೂ ಹೇಳಿಲ್ಲ. ಆದರೆ ನಿಮ್ಮ ಹೊಳೆಯ ಪುಸ್ತಕ ಓದಿದಾಗಿಂದ ಒಂದೇ ಯೋಚನೆ. ಅವರು ಒಂದೇ ಒಂದು ಗಳಿಗೆ ಕಾದಿದ್ದರೆ? ಆ ಚರಿತ್ರೆಯಲ್ಲಿ ನನ್ನ ತಮ್ಮ ಈಗ ಎಲ್ಲಿದಾನೆ, ಏನು ಓದ್ತಾ ಇದಾನೆ?

ಇದನ್ನ ನಿಮಗೆ ಮಾತ್ರ ಬರೆದಿದೀನಿ. ನಿಮ್ಮಲ್ಲೇ ಇರಲಿ.

ಕನ್ನಡಕದಕ್ಕ


ಏಪ್ರಿಲ್ 9, 1993

ಪ್ರಿಯ ಕನ್ನಡಕದಕ್ಕ,

ನಿಮ್ಮ ಪತ್ರ ಬಂದ ದಿನವೇ ಉತ್ತರಿಸುತ್ತಿದ್ದೇನೆ. ಇದು ನನ್ನ ಅಭ್ಯಾಸವಲ್ಲ. ಎಷ್ಟು ದೊಡ್ಡ ನೋವನ್ನು ಎಷ್ಟು ಸರಳವಾಗಿ ಬರೆದಿದ್ದೀರಿ.

ಕೆಲವು ವಿಷಯ ಕೇಳಲೇ? ಆ ಬಾಗಿಲಿಗೆ ಒಳಗಿನಿಂದಲೂ ಅಗುಳಿ ಇತ್ತೋ, ಹೊರಗಿನಿಂದ ಮಾತ್ರವೋ? ಅವತ್ತು ಮನೆಗೆ ಬಂದಾಗ ನಿಮ್ಮ ಯಜಮಾನರು ಮೊದಲು ಏನು ಮಾಡಿದರು? ಈಗ ಮನೆಯಲ್ಲಿ ಬಾಗಿಲು ಹಾಕುತ್ತಾರೆಯೆ? ನಿದ್ದೆಯಲ್ಲಿ ಮಾತಾಡುತ್ತಾರೆಯೆ? ನಿಮ್ಮ ಮುಖ ನೋಡಿ ಮಾತಾಡುತ್ತಾರೆಯೆ?

ಬರೀ ಕುತೂಹಲ. ನಿಮ್ಮ ಮನಸ್ಸು ಹಗುರವಾಗಲಿ ಎಂದೂ ಹೌದು.

ನಿಮ್ಮ ವಿಶ್ವಾಸಿ,
ಲೇಖಕ


ಏಪ್ರಿಲ್ 25, 1993

ಮಾನ್ಯರೇ,

ನಮ್ಮ ಮನೆಯ ಬಗ್ಗೆ ನಿಮ್ಮಂಥವರು ಇಷ್ಟು ಆಸ್ಥೆಯಿಂದ ಕೇಳ್ತೀರಿ ಅಂದರೆ ನಂಬೋಕೇ ಆಗ್ತಾ ಇಲ್ಲ. ಕೇಳಿದ್ದಕ್ಕೆಲ್ಲ ಬರೀತೀನಿ.

ಅಗುಳಿ ಹೊರಗಡೆ ಮಾತ್ರ. ಅವತ್ತು ಮನೆಗೆ ಬಂದವರು ಮೊದಲು ಸೈಕಲ್ ಒರೆಸಿದರು. ತುಂಬಾ ಹೊತ್ತು ಒರೆಸಿದರು, ಹಿಂದಿನ ಸೀಟು ಕೂಡ. ಆಮೇಲೆ ಅಮ್ಮನ ಕಾಲ ಹತ್ತಿರ ಕೂತುಬಿಟ್ಟರು. ನನ್ನಮ್ಮ ನಮ್ಮ ಜೊತೆಯಲ್ಲೇ ಇರೋದು. ಕಣ್ಣು ಮಂಜು. ಬೆಳಿಗ್ಗೆ ಸಂಜೆ ಅವಳಿಗೆ ಕಣ್ಣಿಗೆ ಔಷಧಿ ಹಾಕೋದು ಇವರೇ. ನನ್ನ ಕೈಯಲ್ಲಿ ಹಾಕಿಸಿಕೊಳ್ಳಲ್ಲ, "ನಿನ್ನದು ಒರಟು ಕೈ, ಗಾಜು ಉಜ್ಜಿದ ಹಾಗೆ ಉಜ್ಜುತೀಯ, ಮಗ ಬರಲಿ" ಅಂತಾಳೆ. ಅಳಿಯ ಅನ್ನಲ್ಲ, ಮಗ ಅಂತಾಳೆ.

ಬಚ್ಚಲ ಬಾಗಿಲಿಗೆ ಚಿಲಕ ಹಾಕಲ್ಲ. ನಿದ್ದೆಯಲ್ಲಿ ಮಾತಿಲ್ಲ. ನನ್ನ ಮುಖ ನೋಡೇ ಮಾತಾಡ್ತಾರೆ. ಅದೇ ನನಗೆ ಅರ್ಥ ಆಗಲ್ಲ.

ಕನ್ನಡಕದಕ್ಕ


ಫೆಬ್ರವರಿ 27, 1994

ಮಾನ್ಯರೇ,

ಇಷ್ಟು ತಿಂಗಳು ನಿಮ್ಮಿಂದ ಒಂದು ಸಾಲಿಲ್ಲ. ಬರೆದ ಎರಡು ಪತ್ರಕ್ಕೂ ಉತ್ತರ ಇಲ್ಲ. ಏನಾದರೂ ಹೆಚ್ಚು ಕಡಿಮೆ ಬರೆದೆನೇನೋ ಅಂತ ಕೊರಗಿದೆ. ಈಗ ಗೊತ್ತಾಯಿತು, ನೀವು ಉತ್ತರವನ್ನ ಪುಸ್ತಕವಾಗಿ ಬರೀತಾ ಇದ್ದಿರಿ!

ಆರನೇ ಸಂಪುಟ ಅಂಗಡಿಗೆ ಬಂದ ದಿನವೇ ತಂದೆ. ಸಾರ್, ಅದರಲ್ಲಿ ನನ್ನ ತಮ್ಮ ಇದಾನೆ. ದಳಪತಿಯ ಹೆಂಡತಿಯ ತಮ್ಮ, ಕಿರಿಯ ಯಂತ್ರದವನು, ಎಂಜಿನ್ನಿನ ಪಕ್ಕ ಕೂತು ಕಥೆ ಓದೋನು. ಅವನ ನಗು ಕೂಡ ಅವನದ್ದೇ. ಅದನ್ನ ನಾನು ಬರೆದೇ ಇರಲಿಲ್ಲ. ಎರಡು ದಿನ ಅಂಗಡಿಗೆ ರಜಾ ಹಾಕಿ ಅವನ ಜೊತೆ ಇದ್ದೆ. ನೌಕೆಗೆ ಬೆಂಕಿ ಬೀಳೋತನಕ.

ಆಮೇಲೆ ಆ ಪುಟ ಬಂತು. ದಳಪತಿ ವಾಯುದ್ವಾರ ಮುಚ್ಚಿ ಅಗುಳಿ ಹಾಕ್ತಾನೆ. ಒಳಗಿಂದ ಬಡಿತ ಕೇಳಿಸುತ್ತೆ. ಮೂರು ಸಲ. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ದಳಪತಿ ಅಗುಳಿಯ ಮೇಲೆ ಕೈ ಇಟ್ಟುಕೊಂಡು, ಬಡಿತ ನಿಲ್ಲೋತನಕ ನಿಂತಿರ್ತಾನೆ. ಮನೆಗೆ ಹೋಗಿ ಹೆಂಡತಿಯ ಮುಖ ನೋಡಿ ಮಾತಾಡ್ತಾನೆ.

ಇದು ನಿಮಗೆ ಹೇಗೆ ಗೊತ್ತು? ಬಡಿತದ ವಿಷಯ ನಾನು ಬರೆದಿಲ್ಲ. ನನಗೇ ಗೊತ್ತಿಲ್ಲ. ಕಾರ್ಖಾನೆಯವರು ಯಾರಾದರೂ ಹೇಳಿದರಾ? ಹೌದು ಅಥವಾ ಇಲ್ಲ, ಒಂದೇ ಮಾತು ಬರೀರಿ. ಅದು ಬರೋತನಕ ನನಗೆ ಊಟ ಸೇರಲ್ಲ.

ಕನ್ನಡಕದಕ್ಕ


ಮಾರ್ಚ್ 15, 1994

ಪ್ರಿಯ ಕನ್ನಡಕದಕ್ಕ,

ಮೌನಕ್ಕೆ ಕ್ಷಮೆ ಇರಲಿ. ಬರೆಯುವಾಗ ನಾನು ಯಾರಿಗೂ ಸಿಗುವುದಿಲ್ಲ.

ಹೌದು ಅಥವಾ ಇಲ್ಲ ಎಂದು ಕೇಳಿದ್ದೀರಿ. ಲೇಖಕನ ಕೆಲಸದಲ್ಲಿ ಆ ಎರಡು ಪದಗಳು ಸಾಲುವುದಿಲ್ಲ. ಕೆಲವು ಸಂಗತಿಗಳನ್ನು ಯಾರೂ ನಮಗೆ ಹೇಳುವುದಿಲ್ಲ, ಅವು ಕೇಳಿಸುತ್ತವೆ. ಆ ಬಡಿತ ನನಗೆ ಕೇಳಿಸಿತು. ನಿಜಕ್ಕೆ ಎಷ್ಟು ಬಾಗಿಲುಗಳಿವೆಯೋ ಯಾರು ಬಲ್ಲರು?

ಪುಸ್ತಕ ಎರಡನೇ ಮುದ್ರಣಕ್ಕೆ ಹೋಗಿದೆ. ಎಲ್ಲರೂ ಬರೆಯುವುದು ಆ ಪುಟದ ಬಗ್ಗೆಯೇ. ನಿಮಗೆ ನಾನು ಋಣಿ.

ನಿಮ್ಮ ಯಜಮಾನರು ಅದನ್ನು ಓದಿದರೇ? ಹೇಗೆ ತೆಗೆದುಕೊಂಡರು?

ಲೇಖಕ


ಏಪ್ರಿಲ್ 3, 1994

ಮಾನ್ಯರೇ,

"ಆ ಬಡಿತ ನನಗೆ ಕೇಳಿಸಿತು." ಇಷ್ಟು ಸಾಕು ನನಗೆ. ನೀವು ಇಲ್ಲ ಅನ್ನಲಿಲ್ಲ.

ಇವರು ಓದೋರಲ್ಲ, ಅದಕ್ಕೆ ನಾನೇ ಓದಿ ಹೇಳಿದೆ. ಸಂಜೆ ಊಟಕ್ಕೆ ಕೂತಿದ್ದರು. ಅಮ್ಮನೂ ಇದ್ದಳು. ಮೊದಲೆಲ್ಲ ನಗ್ತಾ ಕೇಳಿದರು. ಕಿರಿಯ ಯಂತ್ರದವನ ಭಾಗ ಬಂದಾಗ, "ಇದು ನಮ್ಮ ಹುಡುಗನ ಥರಾನೇ ಇದೆಯಲ್ಲೇ" ಅಂದರು. ನಾನು ಪುಟ ತಿರುವಿ ಮುಂದೆ ಓದಿದೆ. ವಾಯುದ್ವಾರ ಮುಚ್ಚೋದು ಬಂತು. ಚಮಚ ಕೆಳಗಿಟ್ಟರು. ಬಡಿತ ಬಂದಾಗ ನಾನು ಪುಸ್ತಕದಿಂದ ತಲೆ ಎತ್ತದೆ ಮೇಜಿನ ಮೇಲೆ ಬೆರಳ ಗಿಣ್ಣಿನಿಂದ ಮೂರು ಸಲ ಬಡಿದೆ.

ಅವರು ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. "ಯಾರು ಬರೆದಿದ್ದು ಇದನ್ನ?" ಅಂದರು. ನಿಮ್ಮ ಹೆಸರು ಹೇಳಿದೆ. "ಅವರಿಗೆ ಯಾರು ಹೇಳಿದ್ದು?" ಅಂದರು. ನೋಡಿ, ಸುಳ್ಳು ಅಂತ ಅನ್ನಲಿಲ್ಲ. ಯಾರು ಹೇಳಿದ್ದು ಅಂದರು!

ಅಮ್ಮ ಕೇಳಿದಳು, "ಮಗಾ, ನನ್ನ ಕೂಸು ಬಾಗಿಲು ಬಡೀತಾ?" ಇವರು ಹೊರಗೆ ಹೋಗಿಬಿಟ್ಟರು. ಮರುದಿನದಿಂದ ಅಮ್ಮ ಅವರ ಕೈಯಲ್ಲಿ ಔಷಧಿ ಹಾಕಿಸಿಕೊಳ್ತಾ ಇಲ್ಲ. ನನ್ನ ಒರಟು ಕೈಯೇ ಆಗಬಹುದಂತೆ.

ಈಗ ನಾನು ಬಡೀತೀನಿ. ಅವರು ಸ್ನಾನಕ್ಕೆ ಹೋದಾಗ ಬಚ್ಚಲ ಬಾಗಿಲು. ಅವರು ಶೂ ಹಾಕಿಕೊಳ್ಳುವಾಗ ಗೋಡೆ. ಜಾಸ್ತಿ ಏನಿಲ್ಲ, ಮೂರೇ. ಮಾತಾಡಲ್ಲ ನಾನು.

ಕನ್ನಡಕದಕ್ಕ


ಏಪ್ರಿಲ್ 8, 1994

ಪ್ರಿಯ ಕನ್ನಡಕದಕ್ಕ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕುರ್ಚಿ ಹಿಂದಕ್ಕೆ ಬಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ.

ನೀವು ಮಾಡುತ್ತಿರುವುದು ಸರಿಯೇ ಎಂದು ಹೇಳಲು ನಾನು ಯಾರು? ಸಂಸಾರದ ವಿಷಯ ನಿಮ್ಮದು. ಆದರೂ, ಬಡಿದಾಗ ಅವರು ಮೊದಲು ಎಲ್ಲಿ ನೋಡುತ್ತಾರೆ? ನಿಮ್ಮ ಕಡೆಯೋ, ಬಾಗಿಲ ಕಡೆಯೋ? ದಿನ ಕಳೆದಂತೆ ಏನಾದರೂ ಬದಲಾಗುತ್ತಿದೆಯೆ? ವಿವರವಾಗಿ ಬರೆಯಿರಿ. ಏಳನೇ ಸಂಪುಟದಲ್ಲಿ ದಳಪತಿಗೆ ವಿಚಾರಣೆ ಇದೆ.

ಲೇಖಕ


ಮೇ 1, 1994

ಮಾನ್ಯರೇ,

ಬಾಗಿಲ ಕಡೆ ನೋಡ್ತಾರೆ. ಯಾವ ಗೋಡೆ ಬಡಿದರೂ ಮೊದಲು ಬಾಗಿಲ ಕಡೆ.

ಬಚ್ಚಲ ಬಾಗಿಲನ್ನ ಕೀಲಿನಿಂದ ಕಳಚಿ ಹಿತ್ತಲಿಗೆ ಸಾಗಿಸಿದಾರೆ. ಪರದೆ ಕಟ್ಟಿದಾರೆ. ಪರದೆ ಬಡಿಯೋಕೆ ಬರಲ್ಲವಲ್ಲ, ನಾನು ಬಕೆಟ್ ಬಡಿದೆ. ತೂಕ ಇಳಿದಿದಾರೆ. ಕಾರ್ಖಾನೆಯಲ್ಲಿ ಬಾಯ್ಲರ್ ಬಿಟ್ಟು ಗೋದಾಮಿನ ಕೆಲಸ ಕೇಳಿ ತಗೊಂಡಿದಾರೆ ಅಂತ ಬೇರೆಯವರ ಬಾಯಲ್ಲಿ ಕೇಳಿದೆ.

ಮೊನ್ನೆ ನನ್ನ ಮುಂದೆ ಬಂದು ಕೂತು, "ಏನಾಯ್ತು ಅಂತ ಹೇಳ್ತೀನಿ, ಕೇಳ್ತೀಯಾ?" ಅಂದರು. "ಪುಸ್ತಕದಲ್ಲಿ ಇದೆ" ಅಂದೆ.

ಸರಿಯಾಗಿ ಹೇಳಿದೆನಾ?

ಕನ್ನಡಕದಕ್ಕ


ಜೂನ್ 12, 1994

ಪುಸ್ತಕ ಬರೆಯುವ ಸಾಹೇಬರಿಗೆ,

ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವಾಕೆಯ ಗಂಡ. ನನ್ನ ಹೆಂಡತಿ ನಿಮ್ಮ ಪುಸ್ತಕಗಳನ್ನು ಬಹಳ ಓದುತ್ತಾಳೆ. ಓದಿದ್ದನ್ನು ನನಗೆ ಹೇಳುತ್ತಿದ್ದಳು. ನನಗೆ ಅದರಲ್ಲಿ ಪೂರ್ತಿ ತಿಳಿಯುತ್ತಿರಲಿಲ್ಲ, ಅವಳು ಹೇಳುವಾಗ ಅವಳ ಮುಖ ನೋಡುವುದು ನನಗೆ ಇಷ್ಟವಾಗಿತ್ತು.

ಆ ಬಾಗಿಲನ್ನು ಯಾರೂ ಬಡಿಯಲಿಲ್ಲ ಸಾಹೇಬರೆ. ಕೊಳವೆ ಒಡೆದಾಗ ಹುಡುಗ ಅದರ ಎದುರಿಗೇ ಇದ್ದ. ನಾನು ಮೆಟ್ಟಿಲ ಹತ್ತಿರ ಇದ್ದೆ. ಒಂದು ಕೂಗು ಕೂಡ ಬರಲಿಲ್ಲ. ನಾನು ಎರಡು ಸಲ ಒಳಗೆ ಹೋದೆ. ಎರಡನೇ ಸಲ ಅವನ ಕೈ ಸಿಕ್ಕಿತು, ಎಳೆದೆ, ಆಗಲೇ ಉಸಿರಿರಲಿಲ್ಲ. ಮೇಲೆ ಹೆಂಗಸರು ಕಿರುಚುತ್ತಿದ್ದರು. ಕೈ ಬಿಟ್ಟು ಬಂದು ಬಾಗಿಲು ಹಾಕಿದೆ. ಮೊದಲ ಉರಿಯಲ್ಲೇ ಹೋಗಿದ್ದಾನೆ ಎಂದು ಡಾಕ್ಟರೂ ನನಗೆ ಹೇಳಿದರು.

ನನ್ನ ಹೆಂಡತಿ ಆಗ ಕೇಳಲಿಲ್ಲ. ನಾನಾಗಿ ಹೇಳಿದರೆ ನನ್ನನ್ನು ನಾನೇ ಕಾಪಾಡಿಕೊಂಡ ಹಾಗೆ ಇರುತ್ತದೆ ಎಂದು ಸುಮ್ಮನಿದ್ದೆ. ಈಗ ಹೇಳಲು ಹೋದರೆ ಕೇಳುವುದಿಲ್ಲ. ನೀವು ಹೇಳಿದರೆ ನಂಬುತ್ತಾಳೆ. ನಿಮ್ಮ ಪತ್ರ ಬಂದರೆ ಭಾನುವಾರದವರೆಗೆ ಕಾದು ಕೈ ತೊಳೆದು ಓದುತ್ತಾಳೆ.

ಪುಸ್ತಕದಲ್ಲಿ ನೀವು ಏನು ಬೇಕಾದರೂ ಬರೆದುಕೊಳ್ಳಿ, ನನ್ನದು ತಕರಾರಿಲ್ಲ. ಅವಳಿಗೆ ಮಾತ್ರ ಒಂದು ಸಾಲು ಬರೆಯಿರಿ, ಬಡಿತ ನೀವು ಕಟ್ಟಿದ್ದು ಎಂದು. ಅಷ್ಟೇ ಕೇಳುವುದು. ನಾನು ಬರೆದದ್ದು ಅವಳಿಗೆ ತಿಳಿಸಬೇಡಿ. ನಿಮ್ಮಂಥವರಿಗೆ ತೊಂದರೆ ಕೊಟ್ಟೆ ಎಂದು ಅವಳಿಗೆ ನಾಚಿಕೆಯಾಗುತ್ತದೆ.

ನಮಸ್ಕಾರ.


ಜುಲೈ 5, 1994

ಮಾನ್ಯರೇ,

ತಮ್ಮ ಪತ್ರಕ್ಕೆ ಧನ್ಯವಾದಗಳು. 'ಕರಿಸೂರ್ಯ' ಮಾಲಿಕೆಯ ಎಲ್ಲ ಪಾತ್ರಗಳೂ ಘಟನೆಗಳೂ ಕೇವಲ ಕಾಲ್ಪನಿಕ. ಯಾವುದೇ ವ್ಯಕ್ತಿಯೊಂದಿಗೆ ಹೋಲಿಕೆ ಕಂಡರೆ ಅದು ಆಕಸ್ಮಿಕ ಮಾತ್ರ. ತಮ್ಮ ಓದಿನ ಪ್ರೀತಿ ಹೀಗೇ ಇರಲಿ.

ಇಂತಿ,
ಲೇಖಕ


ಆಗಸ್ಟ್ 21, 1994

ಮಾನ್ಯರೇ,

ಒಪ್ಪಿಕೊಂಡರು!

ಸಂಜೆ ಕೆಲಸದಿಂದ ಬಂದು ಚೀಲ ಇಳಿಸ್ತಾ ಇದ್ದರು. ನಾನು ಅಡುಗೆಮನೆಯಿಂದ ಬಡಿದೆ. ಅವರು ಬಾಗಿಲ ಕಡೆ ನೋಡಲಿಲ್ಲ ಈ ಸಲ. ಸೀದಾ ನನ್ನ ಹತ್ತಿರ ಬಂದು, "ಕೇಳಿಸಿತ್ತು ಕಣೇ" ಅಂದರು. "ಬಡಿದ. ಕೇಳಿಸಿತ್ತು. ಸಾಕಾ?" ನಾನು ಎಷ್ಟು ಸಲ ಅಂತ ಕೇಳಿದೆ. "ನಿನ್ನ ಪುಸ್ತಕದಲ್ಲಿ ಎಷ್ಟಿದೆ?" ಅಂದರು. ಮೂರು ಅಂದೆ. "ಹಾಗಾದ್ರೆ ಮೂರು" ಅಂದರು.

ಅಮ್ಮ ಒಳಗಿಂದ ಕೇಳಿಸಿಕೊಂಡಳು. ಅವಳು ಅತ್ತಿದ್ದನ್ನ ನಾನು ಬರೆಯಲ್ಲ, ಅದು ನಿಮಗೂ ಬೇಡ.

ಒಪ್ಪಿಕೊಂಡರೆ ನಾನು ನಿಲ್ಲಿಸ್ತೀನಿ ಅಂದುಕೊಂಡಿದ್ದರು ಅಂತ ಕಾಣುತ್ತೆ. ಮರುದಿನ ಬೆಳಿಗ್ಗೆ ನಾನು ಬಡಿದಾಗ ಅವರ ಮುಖ ನೋಡಬೇಕಿತ್ತು ನೀವು.

ಇಷ್ಟಕ್ಕೇ ಬಿಡಲಿಲ್ಲ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಹೊಲಿಗೆಯ ಮಹಡಿಗೆ ಹೋಗಿ ಆ ಪುಟವನ್ನ ಹೆಂಗಸರ ಮುಂದೆ ಓದಿದೆ. ಅವರು ಇವರನ್ನ ಅಣ್ಣಾ ಅಣ್ಣಾ ಅಂತ ತಲೆ ಮೇಲೆ ಹೊತ್ತುಕೊಂಡಿದ್ದರಲ್ಲ. ಓದಿ ಮುಗಿಸಿದಾಗ ಎಲ್ಲರೂ ಬುತ್ತಿ ಮುಚ್ಚಿ ಎದ್ದುಹೋದರು. ಹಿರಿಯವಳೊಬ್ಬಳು ಮಾತ್ರ, "ಮನೆಗೆ ಹೋಗಮ್ಮ ತಾಯಿ" ಅಂದಳು.

ವಿಚಾರಣೆಯ ಭಾಗ ಬರೆದಾಯಿತಾ? ದಳಪತಿಯ ಹೆಂಡತಿಯನ್ನ ಸಾಕ್ಷಿಗೆ ಕರೀರಿ. ಅವಳು ಏನು ಹೇಳಬೇಕು ಅಂತ ನನಗೆ ಗೊತ್ತು.

ಕನ್ನಡಕದಕ್ಕ


ಸೆಪ್ಟೆಂಬರ್ 6, 1994

ಮಾನ್ಯರೇ,

ಈ ಪತ್ರವನ್ನು ಬಂದ ತಕ್ಷಣ ಓದಬೇಕೆಂದು ವಿನಂತಿ.

ನೀವು ಹೊಲಿಗೆಯ ಮಹಡಿಯಲ್ಲಿ ಪುಸ್ತಕ ಓದಿದ ನಂತರ ಅಲ್ಲಿನ ಹೆಂಗಸರೆಲ್ಲ ಸೇರಿ ನನ್ನ ಪ್ರಕಾಶಕರಿಗೆ ಬರೆದಿದ್ದಾರೆ. ನಮ್ಮನ್ನು ಬದುಕಿಸಿದವನಿಗೆ ಮಸಿ ಬಳಿಯಲು ನೀವು ಯಾರು ಎಂದು ಕೇಳಿದ್ದಾರೆ. ಅವರಲ್ಲೊಬ್ಬರ ಮಗ ವಕೀಲನಂತೆ. ಪ್ರಕಾಶಕರು ಗಾಬರಿಯಾಗಿದ್ದಾರೆ.

ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಬಡಿತ ನನ್ನ ಕಲ್ಪನೆ. ನನಗೆ ಯಾರೂ ಏನೂ ಹೇಳಿಲ್ಲ, ನನಗೆ ಏನೂ ಕೇಳಿಸಿಲ್ಲ. ದೃಶ್ಯಕ್ಕೆ ಸದ್ದು ಬೇಕಿತ್ತು, ಹಾಕಿದೆ. ನಿಮ್ಮ ಯಜಮಾನರು ಜೂನ್‌ನಲ್ಲಿಯೇ ನನಗೆ ಪತ್ರ ಬರೆದಿದ್ದರು. ಅದನ್ನು ಇದರೊಂದಿಗೆ ಇಟ್ಟಿದ್ದೇನೆ. ಓದಿದರೆ ನಿಮಗೇ ತಿಳಿಯುತ್ತದೆ. ಅವರು ಈಗ ಒಪ್ಪಿಕೊಂಡದ್ದು ನಿಮ್ಮ ಕಾಟ ತಾಳಲಾರದೆ.

ನಮ್ಮ ಪತ್ರ ವ್ಯವಹಾರದ ವಿಷಯ ನೀವು ಯಾರಲ್ಲೂ ಪ್ರಸ್ತಾಪಿಸುವುದಿಲ್ಲವೆಂದು ನಂಬಿದ್ದೇನೆ.

ಲೇಖಕ


ನವೆಂಬರ್ 20, 1994

ಲೇಖಕರಿಗೆ,

ನಿಮ್ಮ ಪತ್ರ ಸೆಪ್ಟೆಂಬರ್‌ನಲ್ಲೇ ಒಂದು ಗುರುವಾರ ಬಂತು. ಲಕೋಟೆ ದಪ್ಪಗಿತ್ತು. ವಿಚಾರಣೆಯ ಅಧ್ಯಾಯವನ್ನೇ ಕಳಿಸಿದೀರಿ ಅಂದುಕೊಂಡು, ಭಾನುವಾರಕ್ಕೆ ಅಂತ ಎತ್ತಿಟ್ಟೆ. ಶನಿವಾರ ಇವರು ಮನೆ ಬಿಟ್ಟು ಹೋದರು. ತಡೀಲಿಲ್ಲ ನಾನು. ಸೈಕಲ್ ತಗೊಂಡು ಹೋಗ್ತಾರೆ ಅಂದುಕೊಂಡೆ, ಬಿಟ್ಟು ಹೋದರು. ಭಾನುವಾರ ಕೈ ತೊಳೆದುಕೊಂಡು ಕೂತು, ನಿಮ್ಮದನ್ನ ಓದಿದೆ, ಆಮೇಲೆ ಅವರದನ್ನ ಓದಿದೆ.

ಅಮ್ಮನಿಗೆ ಓದಿ ಹೇಳಲಿಲ್ಲ. ಅವಳು ಅಕ್ಟೋಬರ್‌ನಲ್ಲಿ ಹೋದಳು. ಕಡೆಯ ದಿನಗಳಲ್ಲಿ ಮಗ ಎಲ್ಲಿ, ಮಗ ಎಲ್ಲಿ ಅಂತ ಕೇಳ್ತಾ ಇದ್ದಳು. ಯಾವ ಮಗನನ್ನ ಕೇಳ್ತಿದಾಳೆ ಅಂತ ನಾನು ಕೇಳಲಿಲ್ಲ. ಇವರಿಗೆ ಹೇಳಿ ಕಳಿಸಲಿಲ್ಲ. ಮಣ್ಣಿಗೆ ಬಂದಿಲ್ಲ ಅವರು, ಗೊತ್ತೇ ಇಲ್ಲದೆ ಹೇಗೆ ಬರ್ತಾರೆ?

ಅವರು ಅವರಕ್ಕನ ಮನೆಯಲ್ಲಿದಾರೆ ಅಂತ ತಿಳೀತು. ಹೋದ ವಾರ ಅಲ್ಲಿಗೆ ಹೋಗಿದ್ದೆ. ಎರಡು ಪತ್ರಾನೂ ಚೀಲದಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ ದಾರಿ ಪೂರ್ತಿ ಹೇಳಬೇಕಾದ್ದನ್ನ ಒಳಗೊಳಗೇ ಹೇಳಿಕೊಂಡು ಹೋದೆ. ನನಗೆ ಗೊತ್ತಾಯಿತು, ಯಾರೂ ಬಡೀಲಿಲ್ಲ, ನೀವು ಎರಡು ಸಲ ಒಳಗೆ ಹೋಗಿದ್ದಿರಿ, ಮನೆಗೆ ಬನ್ನಿ. ಇಷ್ಟೇ ಮಾತು.

ಅತ್ತಿಗೆಯ ಮನೆಯ ಅಂಗಳಕ್ಕೆ ಒಂದು ಕುಳ್ಳ ಗೋಡೆ. ಅದರ ಈಚೆ ನಿಂತೆ. ಇವರು ಬಿಸಿಲಿಗೆ ಬೆನ್ನು ಕೊಟ್ಟು ಕೂತು ಯಾರದೋ ಸ್ಟೌ ರಿಪೇರಿ ಮಾಡ್ತಾ ಇದ್ದರು. ಅತ್ತಿಗೆ ಬಟ್ಟೆ ಹಿಂಡ್ತಾ ಏನೋ ಅಂದಳು. ಅದಕ್ಕೆ ನಕ್ಕರು. ಸುಮ್ಮನೆ ನಕ್ಕಿದ್ದಲ್ಲ ಸಾರ್, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈ ಕೈ ತುಂಬಿಕೊಂಡಿದೆ. ಅವರ ಹಿಂದೆ ಮನೆಯ ಬಾಗಿಲು ಮುಚ್ಚಿತ್ತು.

ನಾನು ಅಲ್ಲಿಗೆ ಹೋಗೋತನಕ ನನಗೆ ಪಶ್ಚಾತ್ತಾಪವೇ ಇತ್ತು, ನಿಜವಾಗಿ ಹೇಳ್ತೀನಿ. ಆ ನಗು ನೋಡಿದ ಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನ ತಮ್ಮ ಇಲ್ಲ, ಅಮ್ಮ ಇಲ್ಲ, ನಾನು ಬಚ್ಚಲಿಗೆ ಬಾಗಿಲಿಲ್ಲದ ಮನೆಯಲ್ಲಿ ಒಬ್ಬಳೇ ಇದೀನಿ, ಇವರು ನಗ್ತಾ ಇದಾರೆ. ನಾನು ಹೇಳಿಬಿಟ್ಟರೆ ಇನ್ನೂ ಹಗುರವಾಗಿ ನಗ್ತಾರೆ ಅನ್ನಿಸಿತು. ನನ್ನ ಪಾಲಿಗೆ ಆಗ ಏನು ಉಳಿಯುತ್ತೆ? ಅವರು ಎರಡು ಸಲ ಒಳಗೆ ಹೋದದ್ದು ನಿಜವಾದರೆ ನಾನು ಮಾಡಿದ್ದೂ ನಿಜವಾಗುತ್ತಲ್ಲ.

ಅಷ್ಟರಲ್ಲಿ ಅತ್ತಿಗೆ ನನ್ನನ್ನ ನೋಡಿದಳು. ಇವರಿಗೆ ಕಾಣಿಸದ ಹಾಗೆ ಗೋಡೆ ಹತ್ತಿರ ಬಂದು, ಸಣ್ಣ ದನಿಯಲ್ಲಿ, "ಈಗ ಯಾಕೆ ಬಂದೆ? ಈಗಷ್ಟೇ ಸರಿಯಾಗ್ತಾ ಇದಾನೆ" ಅಂದಳು.

"ಅಮ್ಮ ಹೋದಳು ಅಂತ ಹೇಳೋಕೆ ಬಂದೆ" ಅಂದೆ.

ಅವಳ ಮುಖ ಇಳಿದುಹೋಯಿತು. "ಅಯ್ಯೋ, ಯಾವಾಗ? ಅವನಿಗೆ ಹೇಳಿ ಕಳಿಸಬಾರದಿತ್ತಾ?"

"ಅಮ್ಮನೇ ಬೇಡ ಅಂದಿದ್ದಳು" ಅಂದೆ. "ಅವನ ಕೈ ನನ್ನ ಮೈ ಮುಟ್ಟಬಾರದು ಅಂದಿದ್ದಳು ಅಂತ ಹೇಳಿ ಅವರಿಗೆ."

ಅಮ್ಮ ಹಾಗೆ ಅಂದಿರಲಿಲ್ಲ. ನನ್ನ ಬಾಯಿಗೆ ಅದು ಹೇಗೆ ಬಂತೋ ಬಂತು. ದೃಶ್ಯಕ್ಕೆ ಬೇಕಿತ್ತು, ಹಾಕಿದೆ.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು, "ಇನ್ನೇನಾದರೂ ಹೇಳೋದಿದೆಯಾ ಅವನಿಗೆ?" ಅಂದಳು. ಚೀಲದ ಮೇಲೆ ನನ್ನ ಕೈ ಇತ್ತು.

"ಏನಿಲ್ಲ" ಅಂದೆ. ಬಸ್ಸು ನಿಲ್ಲೋ ಕಡೆಗೆ ನಡೆದೆ. ಬಸ್ಸು ಬೇಗ ಸಿಕ್ಕಿತು, ಕಿಟಕಿಯ ಹತ್ತಿರ ಜಾಗವೂ ಸಿಕ್ಕಿತು.

ನಮ್ಮ ಪತ್ರಗಳ ವಿಷಯಕ್ಕೆ ಹೆದರಬೇಡಿ, ಯಾರಿಗೂ ಹೇಳಲ್ಲ. ಇನ್ನು ಮೇಲೆ ನನಗೆ ಪತ್ರ ಬರೀಬೇಡಿ. ಪುಸ್ತಕ ಮಾತ್ರ ಬರೀರಿ. ಏಳನೇ ಸಂಪುಟಕ್ಕೆ ಅಂಗಡಿಯಲ್ಲಿ ಆಗಲೇ ಹೇಳಿ ಇಟ್ಟಿದೀನಿ.

ಕನ್ನಡಕದಕ್ಕ